ಶಾಸ್ತ್ರವಿಲ್ಲದ ಮದುವೆ: ನಡೆಸಿಕೊಡುವುದು ಹೇಗೆ?

"ಸರ್, ನಮ್ಮ ಮದುವೆ ನೀವೇ ನಡೆಸಿಕೊಡ್ಬೇಕು." ದಾವಣಗೆರೆಯ ವಿದ್ಯಾನಗರದ ನಮ್ಮ ಮನೆ ಬಾಗಿಲಲ್ಲಿ ನಿಂತು ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದಾಗ ಎರಡು ದಿನ ಯೋಚಿಸಿ ಒಪ್ಪಿಕೊಂಡೆ. ಆಮೇಲೆ ಹರಿಹರ, ಜಗಳೂರು, ಚಿತ್ರದುರ್ಗದ ಕಡೆಯಿಂದಲೂ ಕರೆ ಬಂದವು. ಮದುವೆ ಮಾತ್ರ ಅಲ್ಲ, ನಾಮಕರಣ, ನುಡಿನಮನ ಕೂಡ. ನಾಳೆ ನಿಮ್ಮನ್ನೂ ಯಾರಾದರೂ ಕೇಳಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ನಾಡಿಗೆ ಇದು ಹೊಸದೇನಲ್ಲ. ಕುವೆಂಪು ಮಂತ್ರ ಮಾಂಗಲ್ಯ ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೇ ಮಾಡಿಸಿದರು. ಪುರೋಹಿತರಿಲ್ಲ, ಆಡಂಬರವಿಲ್ಲ, ವರದಕ್ಷಿಣೆಯಿಲ್ಲ. ಅದರಲ್ಲಿ ಉಪನಿಷತ್ತಿನ ಮಾತುಗಳಿವೆ. ಅವೂ ಬೇಡ ಎನ್ನುವವರು ತಮ್ಮದೇ ಮಾತು ಬರೆದುಕೊಳ್ಳುತ್ತಾರೆ. ಇನ್ನು ಕೆಲವರು ವಚನ ಓದಿಸುತ್ತಾರೆ.

ಮೊದಲು ಕಾಗದದ ಕೆಲಸ

ಆಸ್ಟ್ರೇಲಿಯಾದಲ್ಲಿ 1973ರಿಂದ ಸರ್ಕಾರವೇ ಇಂಥ ಮದುವೆ ನಡೆಸುವವರನ್ನು ನೇಮಿಸುತ್ತಿದೆ. ಅವರ ಮುಂದೆ ಆದ ಮದುವೆಗೆ ಕಾನೂನಿನ ಬಲವಿದೆ. ನಮ್ಮಲ್ಲಿ ಹಾಗಿಲ್ಲ. ನಾನು ಪ್ರಮಾಣ ಬೋಧಿಸಿದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಮದುವೆ ಆಗಿಬಿಡುವುದಿಲ್ಲ. ಇದನ್ನು ಹುಡುಗ ಹುಡುಗಿಗೆ ಮೊದಲ ದಿನವೇ ಬಿಡಿಸಿ ಹೇಳಿ. ಹಿಂದೂ ವಿವಾಹ ಕಾಯ್ದೆ ರೂಢಿಯ ಶಾಸ್ತ್ರಗಳನ್ನು ಕೇಳುತ್ತದೆ. ಶಾಸ್ತ್ರವೇ ನಡೆಯದಿದ್ದರೆ ಆ ಕಾಯ್ದೆಯಡಿ ಬರೀ ನೋಂದಣಿಯಿಂದ ಮದುವೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ.

ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯೇ ಸರಿ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನದಿಂದ ವಾಸವಿರಬೇಕು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟರೆ ಅದನ್ನು ಕಚೇರಿಯಲ್ಲಿ ಹಾಕುತ್ತಾರೆ. ಆಕ್ಷೇಪಣೆಗೆ 30 ದಿನ ಬಿಡುತ್ತಾರೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಮೂರು ಜನ ಸಾಕ್ಷಿ ಬೇಕು. ಅಧಿಕಾರಿ ಮತ್ತು ಸಾಕ್ಷಿಗಳ ಎದುರು ಇಬ್ಬರೂ ಒಬ್ಬರನ್ನೊಬ್ಬರು ಕಾನೂನುಬದ್ಧ ಪತಿ, ಪತ್ನಿಯಾಗಿ ಸ್ವೀಕರಿಸುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ಕನ್ನಡದಲ್ಲೇ ಹೇಳಬಹುದು. ಸಮಾರಂಭಕ್ಕೆ ಎರಡು ತಿಂಗಳ ಮುಂಚೆಯೇ ಆಫೀಸಿಗೆ ಹೋಗಿಬರಲಿ. ಛತ್ರ ಬುಕ್ ಮಾಡಿ ಆಮೇಲೆ ಓಡಾಡುವುದು ಬೇಡ.

ಆಮೇಲೆ ಸುಮ್ನೆ ಕೂತು ಕೇಳಿ

ನಡೆಸಿಕೊಡುವವರು ಅಂದರೆ ಚೆನ್ನಾಗಿ ಮಾತಾಡುವವರು ಅಂತ ಜನ ತಿಳಿದಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಮದುವೆಯಲ್ಲಿ ಮೌಢ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಹುಡುಗಿಯ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಸೆರಗಿನ ತುದಿಯಲ್ಲಿ ಅಕ್ಷತೆ ಗಂಟು ಕಟ್ಟಿಕೊಂಡು ಬಂದಿದ್ದರು. ಹಾರ ಹಾಕುವಾಗ ಅವರ ಕೈ ಗಂಟಿನ ಮೇಲೇ ಇತ್ತು, ಬಿಚ್ಚಲಿಲ್ಲ. ಹಾಗೇ ಹಿಡಿದುಕೊಂಡು ಊಟಕ್ಕೆ ಎದ್ದು ಹೋದರು. ಆ ಗಂಟು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಮೊಮ್ಮಗಳನ್ನು ಹರಸುವುದಕ್ಕೆ ಆ ಮುದುಕಿಗೆ ಇದ್ದ ಒಂದೇ ದಾರಿಯನ್ನು ನಾನು ಮುಚ್ಚಿದ್ದೆ, ಬೇರೆ ದಾರಿ ತೋರಿಸಿರಲಿಲ್ಲ.

ಅಂದಿನಿಂದ ಮದುವೆಗೆ ಮುಂಚೆ ಎರಡೂ ಮನೆಗೆ ಹೋಗುತ್ತೇನೆ. ಹಿರಿಯರ ಹತ್ತಿರ ಕೂತು, "ಅಜ್ಜೀ, ಆ ದಿನ ನಿಮಗೆ ಏನು ಮಾಡ್ಬೇಕು ಅನ್ಸುತ್ತೆ?" ಎಂದು ಕೇಳುತ್ತೇನೆ. ಒಬ್ಬರು ಸೋಬಾನೆ ಪದ ಹಾಡುತ್ತೇನೆ ಎಂದರು. ಒಬ್ಬರಿಗೆ ಇಬ್ಬರ ತಲೆ ಸವರಿದರೆ ಸಾಕಿತ್ತು. ಶಾಸ್ತ್ರ ತೆಗೆದ ಜಾಗವನ್ನು ಖಾಲಿ ಬಿಡಬಾರದು. ಕೈಗೆ ಏನಾದರೂ ಕೆಲಸ ಕೊಡಬೇಕು. ಬಂದವರಿಗೆಲ್ಲ ಒಂದೊಂದು ಹಿಡಿ ಸೇವಂತಿಗೆ ಎಸಳು ಹಂಚಿ, ಯಾವಾಗ ಹಾಕಬೇಕು ಎಂದು ಮೊದಲೇ ಹೇಳಿಬಿಡಿ. ಇನ್ನೊಬ್ಬರ ನಂಬಿಕೆಯ ಬಗ್ಗೆ ಟೀಕೆ ಮಾತ್ರ ಆ ದಿನ ಬೇಡವೇ ಬೇಡ.

ಹುಡುಗ ಹುಡುಗಿಯನ್ನು ಬೇರೆ ಬೇರೆಯಾಗಿ ಮಾತಾಡಿಸಿ. ಪ್ರಮಾಣ ಅವರೇ ಬರೆಯಲಿ, ನೀವು ತಿದ್ದಿಕೊಡಿ. "ಸದಾ ಪ್ರೀತಿಸುತ್ತೇನೆ" ಎಂದು ಎಲ್ಲರೂ ಬರೆಯುತ್ತಾರೆ. ಪ್ರೀತಿ ಅಂದರೆ ದಿನಾ ಏನು ಮಾಡ್ತೀರಿ ಎಂದು ಕೇಳಿ. "ದುಡಿದ ದುಡ್ಡಿನ ಲೆಕ್ಕ ಇಬ್ಬರೂ ಕೂತು ಮಾಡ್ತೇವೆ", "ನಿನ್ನ ಅಪ್ಪ ಅಮ್ಮನಿಗೂ ನಾನು ಮಗನೇ" ಎಂಬ ಮಾತುಗಳು ಆಗ ಬರುತ್ತವೆ. ಐದಾರು ಸಾಲು ಸಾಕು. ದಪ್ಪ ಅಕ್ಷರದಲ್ಲಿ ಬರೆಸಿ, ಜೋರಾಗಿ ಓದಿಸಿ ಒಮ್ಮೆ ರೂಢಿ ಮಾಡಿಸಿ.

ಆ ದಿನ

ಎಲ್ಲ ಸೇರಿ 40 ನಿಮಿಷ ಮೀರದಿರಲಿ. ಸ್ವಾಗತ, ಇಬ್ಬರೂ ಜೊತೆಯಾದ ಕಥೆ, ಹಾಡು ಅಥವಾ ವಚನ, ಪ್ರಮಾಣ, ಹಾರ, ಹಿರಿಯರ ಹರಕೆ. ತಾಳಿ ಬೇಕೋ ಬೇಡವೋ ಅವರಿಗೇ ಬಿಡಿ. ಪ್ರಮಾಣ ಹೇಳುವಾಗ ಅವರು ಒಬ್ಬರಿಗೊಬ್ಬರು ಎದುರು ನಿಲ್ಲಲಿ, ನೀವು ಪಕ್ಕಕ್ಕೆ ಸರಿಯಿರಿ. ಮೈಕ್ ಅವರ ಕೈಯಲ್ಲಿರಲಿ. ಕರೆಂಟ್ ಹೋದರೂ ಕೊನೆಯ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಲಿ.

ನಾಮಕರಣ ಇದಕ್ಕಿಂತ ಸುಲಭ. ತೊಟ್ಟಿಲು, ಜೋಗುಳ, ಆ ಹೆಸರು ಯಾಕೆ ಎಂದು ತಾಯಿ ಅಥವಾ ತಂದೆಯ ನಾಲ್ಕು ಮಾತು. ಜನನ ನೋಂದಣಿಗೆ 21 ದಿನ ಗಡುವು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಅವಸರ ಬೇಡ.

ನುಡಿನಮನ

ಇದು ಎಲ್ಲಕ್ಕಿಂತ ಕಷ್ಟದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕಣ್ಣುದಾನ ಮಾಡುವುದಿದ್ದರೆ ಸಾವಿನ 6 ಗಂಟೆಯೊಳಗೆ ಆಗಬೇಕು. ದೇಹದಾನಕ್ಕೆ ಬದುಕಿದ್ದಾಗಲೇ ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅರ್ಜಿ ತುಂಬಿಟ್ಟು, ಮನೆಯವರಿಗೆ ಹೇಳಿರುವುದು ಒಳ್ಳೆಯದು. ಅರ್ಜಿಯಿದ್ದೂ ಮನೆಯವರು ಒಪ್ಪದೆ ನಿಂತುಹೋದದ್ದನ್ನು ನೋಡಿದ್ದೇನೆ.

ಸಭೆಯಲ್ಲಿ ಗಣ್ಯರ ಭಾಷಣ ಕಡಿಮೆ ಮಾಡಿ. ಹೋದವರ ಜೊತೆ ದಿನಾ ಇದ್ದವರಿಗೆ ಮೈಕ್ ಕೊಡಿ. ಒಮ್ಮೆ ಮಂಡಕ್ಕಿ ಅಂಗಡಿಯವರನ್ನು ಕರೆದಿದ್ದೆವು. "ಅವ್ರು ದಿನಾ ಸಂಜೆ ಬರೋರು, ಎರಡು ಪ್ಲೇಟ್ ಕಟ್ಟಿಸ್ಕೊಳ್ಳೋರು, ಒಂದು ಯಾರಿಗೋ ಕೊಡೋಕೆ" ಎಂದಷ್ಟೇ ಹೇಳಿ ಕೂತರು. ಆ ಇನ್ನೊಂದು ಪ್ಲೇಟ್ ಯಾರಿಗೆ ಹೋಗುತ್ತಿತ್ತು ಎಂದು ಮನೆಯವರಿಗೂ ಗೊತ್ತಿರಲಿಲ್ಲ.

ಕೊನೆಗೆ ಮೌನ. ಒಂದು ನಿಮಿಷ ಎಂದು ಹೇಳಿ 20 ಸೆಕೆಂಡಿಗೆ ಮುಗಿಸುವವರೇ ಜಾಸ್ತಿ. ಗಡಿಯಾರ ನೋಡಿ, ಪೂರ್ತಿ 60 ಸೆಕೆಂಡ್ ಬಿಡಿ.