ಮನೆಯ ರೀಫ್ ಟ್ಯಾಂಕಿಗೆ ಎಷ್ಟು ಲೀಟರ್ ಸಾಕು: ನನ್ನ ಅನುಭವ

ನಾನು ಮೊದಲು ಇಟ್ಟ ರೀಫ್ ಟ್ಯಾಂಕ್, ಅಂದರೆ ಹವಳಗಳನ್ನು ಸಾಕುವ ಉಪ್ಪುನೀರಿನ ಟ್ಯಾಂಕ್, ಉದ್ದ, ಅಗಲ, ಎತ್ತರ ಮೂರೂ 30 ಸೆಂಟಿಮೀಟರ್ ಇದ್ದ ಗಾಜಿನ ಪೆಟ್ಟಿಗೆ. ಲೆಕ್ಕಕ್ಕೆ ಅದು 27 ಲೀಟರ್. ಕೆಲವು ವರ್ಷ ಸಿಹಿನೀರಿನ ಮೀನುಗಳನ್ನು ಸಾಕಿದ್ದ ಧೈರ್ಯದಲ್ಲಿ, ಹವಳಕ್ಕೂ ಇಷ್ಟು ಜಾಗ ಸಾಕು, ಟ್ಯಾಂಕ್ ಸಣ್ಣದಾದಷ್ಟೂ ನೋಡಿಕೊಳ್ಳುವುದು ಸುಲಭ ಎಂದುಕೊಂಡಿದ್ದೆ. ಹದಿನಾಲ್ಕು ತಿಂಗಳಾದ ಮೇಲೆ ಅದನ್ನು ತೆಗೆದು, 60 ಸೆಂಟಿಮೀಟರ್ ಉದ್ದ, ತಲಾ 45 ಸೆಂಟಿಮೀಟರ್ ಅಗಲ ಮತ್ತು ಎತ್ತರದ ಟ್ಯಾಂಕಿಗೆ ಬಂದೆ.

ಮೊದಲು ತಪ್ಪಿದ್ದು ಲೀಟರಿನ ಲೆಕ್ಕವೇ. ಮಾರುವವರು ಹೇಳುವುದು ಗಾಜಿನ ಹೊರ ಅಳತೆಯ ಗುಣಲಬ್ಧವನ್ನು. ಗಾಜಿನ ದಪ್ಪ, ಅಂಚಿನವರೆಗೆ ತುಂಬದೆ ಬಿಡುವ ಮೂರು ನಾಲ್ಕು ಸೆಂಟಿಮೀಟರ್, ಕಲ್ಲು ಮತ್ತು ಮರಳು ಹಿಡಿಯುವ ಜಾಗ ಇವನ್ನೆಲ್ಲ ಕಳೆದರೆ ನನ್ನ 27 ಲೀಟರಿನ ಟ್ಯಾಂಕಿನಲ್ಲಿ ನಿಜವಾಗಿ ಇದ್ದ ನೀರು 19 ಲೀಟರ್. ಗುರುತು ಹಾಕಿದ ಬಕೆಟ್ಟಿನಿಂದ ಎಣಿಸುತ್ತಾ ತುಂಬಿದಾಗ ಮಾತ್ರ ಇದು ತಿಳಿಯಿತು. ಪ್ರಾಣಿಗಳು ಬದುಕುವುದು ಆ 19 ಲೀಟರಿನಲ್ಲಿ. ಆದ್ದರಿಂದ ಮುಂದೆ ನಾನು ಲೀಟರ್ ಎಂದಾಗಲೆಲ್ಲ ಈ ನಿವ್ವಳ ನೀರನ್ನೇ ಹೇಳುತ್ತಿದ್ದೇನೆ.

ತೊಂದರೆ ಮೊದಲು ಕಾಣಿಸಿದ್ದು ಉಪ್ಪಿನಲ್ಲಿ. ಆವಿಯಾಗುವುದು ಬರಿಯ ನೀರು, ಉಪ್ಪು ಅಲ್ಲಿಯೇ ಉಳಿಯುತ್ತದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಟೇಪಿನ ತುಂಡು ಅಂಟಿಸಿ, ಪ್ರತಿದಿನ ಎಷ್ಟು ಆರ್‌ಒ ನೀರು ಹಾಕಿದರೆ ಮಟ್ಟ ಮತ್ತೆ ಟೇಪಿಗೆ ಬರುತ್ತದೆ ಎಂದು ಒಂದು ತಿಂಗಳು ಬರೆದಿಟ್ಟೆ. ಸರಾಸರಿ 400 ಮಿಲಿಲೀಟರ್, ಅಂದರೆ ದಿನಕ್ಕೆ ಶೇಕಡ 2ಕ್ಕಿಂತ ತುಸು ಹೆಚ್ಚು. ಒಮ್ಮೆ ಮೂರು ದಿನ ಮನೆಯಲ್ಲಿ ಇರಲಿಲ್ಲ. ಬಂದು ನೋಡಿದಾಗ ಅಂಚಿನ ಸುತ್ತ ಬಿಳಿಯ ಉಪ್ಪು ಹೊಪ್ಪಳಿಕೆಯಂತೆ ಕಟ್ಟಿತ್ತು, ಸಾವಿರಕ್ಕೆ 35 ಭಾಗ ಇರಬೇಕಾದ ಲವಣಾಂಶ ರಿಫ್ರ್ಯಾಕ್ಟೋಮೀಟರಿನಲ್ಲಿ 37ನ್ನು ದಾಟಿತ್ತು. ಸದಾ ಬೆರಳು ಚಾಚಿಕೊಂಡು ಅಲುಗುತ್ತಿದ್ದ ಹ್ಯಾಮರ್ ಹವಳ ತನ್ನ ಸುಣ್ಣದ ಅಸ್ಥಿಯೊಳಗೆ ಪೂರ್ತಿ ಸೇರಿಕೊಂಡಿತ್ತು, ಅಸ್ಥಿಯ ಅಂಚುಗಳು ಚೂಪಾಗಿ ಹೊರಗೆ ಕಾಣುತ್ತಿದ್ದವು. ಅದು ಮತ್ತೆ ಅರಳಲು ಎರಡು ವಾರ ಬೇಕಾಯಿತು.

ದೊಡ್ಡ ಟ್ಯಾಂಕ್ ಇದ್ದರೆ ಹೀಗಾಗುತ್ತಿರಲಿಲ್ಲ ಎಂದು ಆಗ ಎಲ್ಲರಂತೆ ನಾನೂ ಅಂದುಕೊಂಡೆ. ಈಗ ನನ್ನ ಅಭಿಪ್ರಾಯ ಬೇರೆ. ನೀರು ಆವಿಯಾಗುವುದು ಮೇಲ್ಮೈಯಿಂದ, ಹಾಗಾಗಿ ಟ್ಯಾಂಕ್ ಅಗಲವಾದಷ್ಟೂ ಆವಿಯೂ ಹೆಚ್ಚುತ್ತದೆ. ಹೊಸ ಟ್ಯಾಂಕಿನಲ್ಲಿ 94 ಲೀಟರ್ ನೀರಿದೆ, ದಿನಕ್ಕೆ ಸುಮಾರು 1.3 ಲೀಟರ್ ಆರುತ್ತದೆ, ಅಂದರೆ ಶೇಕಡ 1.4. ನೀರು ಐದು ಪಟ್ಟು ಹೆಚ್ಚಿತು, ದಿನದ ಏರುಪೇರು ಮಾತ್ರ ಮೂರರಲ್ಲಿ ಒಂದು ಪಾಲು ಇಳಿಯಿತು, ಅಷ್ಟೆ. ಉಪ್ಪಿನ ಸಮಸ್ಯೆಯನ್ನು ನಿಜವಾಗಿ ನೀಗಿಸಿದ್ದು ನೀರಿನ ಮಟ್ಟ ಇಳಿದ ಕೂಡಲೇ ತಾನಾಗಿ ಸಿಹಿನೀರು ಹಾಕುವ ಆಟೋ ಟಾಪ್-ಆಫ್ ಸಾಧನ. ಅದನ್ನು ನಾನು ಸಣ್ಣ ಟ್ಯಾಂಕಿಗೇ ಜೋಡಿಸಿದ್ದೆ, ಅಲ್ಲಿಯೂ ಅದು ಚೆನ್ನಾಗಿ ಕೆಲಸ ಮಾಡಿತು. ಆವಿಯ ಭಯವೊಂದಕ್ಕಾಗಿ ಯಾರೂ ಟ್ಯಾಂಕಿನ ಗಾತ್ರ ಹೆಚ್ಚಿಸಬೇಕಿಲ್ಲ.

ಸಾಧನದಿಂದ ಪರಿಹಾರವಾಗದೆ ಉಳಿದವು ಬೇರೆ ಎರಡು ಸಂಗತಿಗಳು, ನನ್ನ ನಿರ್ಧಾರ ನಿಂತಿರುವುದು ಅವುಗಳ ಮೇಲೆ. ಒಂದು, ಕಣ್ಣಿಗೆ ಬೀಳದ ಸಾವು. ಪಾಚಿ ತಿನ್ನಲೆಂದು ಬಿಟ್ಟಿದ್ದ ದೊಡ್ಡ ಬಸವನಹುಳುವೊಂದು ಕಲ್ಲಿನ ಹಿಂದೆ ಸತ್ತು ಕೊಳೆತದ್ದು ನನಗೆ ಗೊತ್ತಾದದ್ದು ವಾಸನೆಯಿಂದ. ಕೊಳೆತದ್ದರಿಂದ ನೀರಿಗೆ ಸೇರುವ ವಿಷ ಅಮೋನಿಯಾ; ಅದರ ಪರೀಕ್ಷೆಯ ಕೊಳವೆ ಹಳದಿ ಇರಬೇಕಾದದ್ದು ಎಳೆ ಹಸಿರಾಗಿತ್ತು. ಕಲ್ಲಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟಾಗಿ, ಮುಂದೆ ನೈಟ್ರೇಟಾಗಿ ಮಾರ್ಪಡಿಸುತ್ತವೆ ನಿಜ. ಆದರೆ 19 ಲೀಟರಿಗೆ ಹೊಂದುವ ಮೂರು ಕಿಲೋ ಕಲ್ಲಿನಲ್ಲಿ ಇರುವ ಬ್ಯಾಕ್ಟೀರಿಯಾ ಒಮ್ಮೆಲೇ ಬಂದ ಅಷ್ಟು ಹೊರೆಯನ್ನು ಹೊರಲಾರವು. ಆ ರಾತ್ರಿ ಎರಡು ಬಾರಿ ಅರ್ಧರ್ಧ ನೀರು ಬದಲಿಸಿದೆ, ಆದರೂ ಬೆಳಗಾಗುವಷ್ಟರಲ್ಲಿ ಒಂದು ಸೀಗಡಿ ಸತ್ತಿತ್ತು. ಅದೇ ಹುಳು 94 ಲೀಟರಿನಲ್ಲಿ ಸತ್ತಿದ್ದರೆ ವಿಷದ ಸಾಂದ್ರತೆ ಐದನೆಯ ಒಂದು ಪಾಲಿನಷ್ಟಾಗುತ್ತಿತ್ತು, ಅದನ್ನು ಅರಗಿಸಲು ಮೂರು ಪಟ್ಟಿಗೂ ಹೆಚ್ಚು ಕಲ್ಲು ಇರುತ್ತಿತ್ತು.

ಎರಡನೆಯದು ನಮ್ಮ ಕೈಯ ತಪ್ಪು. ಕಲ್ಲಿನಂಥ ಅಸ್ಥಿ ಕಟ್ಟುವ ಹವಳಗಳು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಹೀರುತ್ತಲೇ ಇರುತ್ತವೆ, ಆಲ್ಕಲಿನಿಟಿ (ಸ್ಥೂಲವಾಗಿ, ನೀರಿನಲ್ಲಿ ಕರಗಿದ ಕಾರ್ಬೊನೇಟುಗಳ ಮಟ್ಟ) ಇಳಿದಂತೆ ನಾವು ತುಂಬಿಕೊಡಬೇಕಾಗುತ್ತದೆ. 100 ಲೀಟರ್ ನೀರಿನ ಆಲ್ಕಲಿನಿಟಿಯನ್ನು ಒಂದು ಡಿಕೆಎಚ್ (ಆಲ್ಕಲಿನಿಟಿಯನ್ನು ಅಳೆಯುವ ಮಾನ) ಏರಿಸಲು ಸುಮಾರು 3 ಗ್ರಾಂ ಸೋಡಿಯಂ ಬೈಕಾರ್ಬೊನೇಟ್ ಬೇಕು, 19 ಲೀಟರಿಗಾದರೆ 0.6 ಗ್ರಾಂ. ನನ್ನ ತಕ್ಕಡಿ ತೋರಿಸುತ್ತಿದ್ದುದು ಪೂರ್ಣ ಗ್ರಾಂಗಳನ್ನು ಮಾತ್ರ. ಒಂದು ಸಂಜೆ ಅಂದಾಜಿನಲ್ಲಿ ಹಾಕಿದ್ದು ಒಂದು ಗ್ರಾಮಿನಷ್ಟಾಗಿ, 8 ಇದ್ದ ಆಲ್ಕಲಿನಿಟಿ ಬೆಳಗ್ಗೆ 9.75 ಡಿಕೆಎಚ್‌ನ ಹತ್ತಿರ ಬಂದಿತ್ತು. ವಾರದೊಳಗೆ ಮಾಂಟಿಪೋರಾ ಎಂಬ ಗಟ್ಟಿ ಹವಳದ ತುಣುಕಿನ ಅಂಚಿನ ಅಂಗಾಂಶ ಸುಲಿದು, ಉಗುರಿನಷ್ಟು ಅಗಲ ಬಿಳಿಯ ಅಸ್ಥಿ ಕಂಡಿತು. ಅದೇ ಒಂದು ಗ್ರಾಂ 94 ಲೀಟರಿಗೆ ಬಿದ್ದಿದ್ದರೆ ಏರಿಕೆ 0.35 ಮಾತ್ರ. ಹೀಟರಿನದೂ ಇದೇ ಲೆಕ್ಕ: 50 ವ್ಯಾಟಿನ ಹೀಟರ್ ಕೆಟ್ಟು ಆಫ್ ಆಗದೆ ಉಳಿದರೆ 19 ಲೀಟರ್ ನೀರು ಗಂಟೆಗೆ ಎರಡು ಡಿಗ್ರಿಯಷ್ಟು ಬಿಸಿಯಾಗಬಲ್ಲದು, 94 ಲೀಟರ್ ಅರ್ಧ ಡಿಗ್ರಿಯನ್ನೂ ಮುಟ್ಟದು. ಈಗಲೂ ನಾನು ದೊಡ್ಡದೊಂದರ ಬದಲು 50 ವ್ಯಾಟಿನ ಎರಡು ಹೀಟರ್ ಇಟ್ಟಿರುವುದು ಈ ಕಾರಣಕ್ಕೆ.

ಹೀಗಾಗಿ ಎರಡನೆಯ ಬಾರಿ ಟ್ಯಾಂಕ್ ಕೊಳ್ಳುವ ಮೊದಲು ಸಾಕಬೇಕಾದ ಪ್ರಾಣಿಗಳ ಪಟ್ಟಿ ಬರೆದೆ. ಒಂದು ಜೋಡಿ ಒಸೆಲ್ಲಾರಿಸ್ ಕ್ಲೌನ್ ಮೀನು, ಒಂದು ರಾಯಲ್ ಗ್ರಾಮಾ ಮೀನು, ಒಂದು ಗೋಬಿ ಮೀನು, ಒಂದೆರಡು ಹ್ಯಾಮರ್ ಹವಳ, ಮೆದು ಹವಳಗಳು, ಮೇಲೆ ಒಂದು ಮಾಂಟಿಪೋರಾ. ಹ್ಯಾಮರ್ ರಾತ್ರಿಯಲ್ಲಿ ಕುಟುಕುವ ಉದ್ದನೆಯ ಎಳೆಗಳನ್ನು ಚಾಚಿ ಪಕ್ಕದ ಹವಳವನ್ನು ಸುಡುತ್ತದೆ, ಆದ್ದರಿಂದ ಅದರ ಸುತ್ತ 15 ಸೆಂಟಿಮೀಟರ್ ಖಾಲಿ ಬಿಡಬೇಕೆಂದುಕೊಂಡೆ. 30 ಸೆಂಟಿಮೀಟರಿನ ಪೆಟ್ಟಿಗೆಯ ನಡುವೆ ಹ್ಯಾಮರ್ ಇಟ್ಟರೆ ಬೇರೆ ಯಾವುದಕ್ಕೂ ಸುರಕ್ಷಿತ ಜಾಗವೇ ಇರುವುದಿಲ್ಲ ಎನ್ನುವುದು ಕಾಗದದ ಮೇಲೆ ಚಿತ್ರ ಬರೆದಾಗ ಸ್ಪಷ್ಟವಾಯಿತು. ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ ಎಂದು ನನಗೆ ಮನವರಿಕೆಯಾದದ್ದೂ ಆಗಲೇ: ಕಲ್ಲು ಕೂರುವುದು, ಹವಳ ಹರಡುವುದು, ಗಾಳಿಯ ಆಮ್ಲಜನಕ ನೀರಿಗೆ ಸೇರುವುದು ಎಲ್ಲವೂ ಅಗಲದ ಆಶ್ರಯದಲ್ಲಿ. ಎತ್ತರ 45 ಸೆಂಟಿಮೀಟರ್ ಮೀರಿದರೆ ತಳ ಮುಟ್ಟುವ ಬೆಳಕು ಕಡಿಮೆಯಾಗುತ್ತದೆ, ನನ್ನ ಕೈಯೂ ಎಟುಕದು.

ಮೂರು ಅಳತೆಗಳು ಎದುರಿಗಿದ್ದವು: ನಿವ್ವಳ 48 ಲೀಟರಿನಷ್ಟು ಹಿಡಿಯುವ 60×30×36, ಈಗ ನನ್ನಲ್ಲಿರುವ 60×45×45, ಸುಮಾರು 140 ಲೀಟರ್ ಹಿಡಿಯುವ 90×45×45. ಮೂರನ್ನೂ ರಟ್ಟಿನಲ್ಲಿ ಕತ್ತರಿಸಿ ಇಡಬೇಕಾದ ಜಾಗದಲ್ಲಿ ಒಂದು ವಾರ ಹಾಸಿಟ್ಟೆ. ಮೊದಲನೆಯದರಲ್ಲಿ ಕ್ಲೌನ್ ಜೋಡಿ ತನ್ನ ಮೂಲೆಯನ್ನು ಕಾಯತೊಡಗಿದರೆ ಗ್ರಾಮಾಕ್ಕೆ ಓಡಿಹೋಗಲು ಜಾಗವಿರುವುದಿಲ್ಲ. ಮೂರನೆಯದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದೇ, ಆದರೆ ನನ್ನ ಪಟ್ಟಿಗೆ ಅಷ್ಟು ಬೇಕಿರಲಿಲ್ಲ. ವಾರಕ್ಕೆ ಶೇಕಡ 10ರಷ್ಟು ನೀರು ಬದಲಿಸುವ ನನಗೆ 94 ಲೀಟರಿನಲ್ಲಿ ಅದು ಒಂದೇ ಬಕೆಟ್, ಲೀಟರಿಗೆ 36 ಗ್ರಾಮಿನಂತೆ ಸುಮಾರು 340 ಗ್ರಾಂ ಉಪ್ಪು. 140 ಲೀಟರಿನಲ್ಲಿ ಎರಡು ಬಕೆಟ್ ಹೊರಬೇಕು. ಒಂದು ಬಕೆಟ್ಟಿನ ಕೆಲಸವನ್ನು ನಾನು ದಣಿದ ದಿನವೂ ಮಾಡುತ್ತೇನೆ, ಎರಡಾದರೆ ಮುಂದೂಡುತ್ತೇನೆ. ಇದು ನನ್ನ ಸ್ವಭಾವ ಬಲ್ಲ ಲೆಕ್ಕ. ಭಾರವನ್ನೂ ನೋಡಿಕೊಂಡೆ: ನೀರು, ಗಾಜು, ಕಲ್ಲು, ಮರಳು ಸೇರಿ ಈಗಿನ ಟ್ಯಾಂಕ್ ಸ್ಟ್ಯಾಂಡ್ ಬಿಟ್ಟು ಸುಮಾರು 140 ಕಿಲೋ.

ಈ ಪಟ್ಟಿಗೆ ಕನಿಷ್ಠ ಎಷ್ಟು ಎಂದು ಕೇಳಿದರೆ ನಾನು ನಿವ್ವಳ 80 ಲೀಟರ್ ಎನ್ನುತ್ತೇನೆ. ಮೆದು ಹವಳ ಮಾತ್ರ ಇಟ್ಟು, ಮೀನೇ ಬೇಡವೆಂದರೆ 40 ಲೀಟರಿನಲ್ಲೂ ಎಚ್ಚರದಿಂದ ನಡೆಸಬಹುದು. ಹಳದಿ ಟ್ಯಾಂಗ್ ಬೇಕೆನ್ನುವವರಿಗೆ ಲೀಟರಿಗಿಂತ ಮೊದಲು ಉದ್ದ ನೋಡಿ ಎನ್ನುತ್ತೇನೆ, ಏಕೆಂದರೆ 20 ಸೆಂಟಿಮೀಟರಿನವರೆಗೆ ಬೆಳೆದು ಇಡೀ ದಿನ ಈಜುವ ಮೀನದು. 120 ಸೆಂಟಿಮೀಟರಿಗಿಂತ ಕಡಿಮೆ ಉದ್ದದಲ್ಲಿ ಅದನ್ನು ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನ ಟ್ಯಾಂಕಿಗೆ ಅದು ಎಂದೂ ಬರಲಾರದು ಎಂಬ ಬೇಸರ ಇದ್ದೇ ಇದೆ.

ಕಳೆದ ಮಳೆಗಾಲದಲ್ಲಿ ಹೊಸ ಟ್ಯಾಂಕಿನಲ್ಲೂ ಒಂದು ಬಸವನಹುಳು ಸತ್ತಿತು. ಕಲ್ಲಿನ ಸಂದಿಯಿಂದ ಖಾಲಿ ಚಿಪ್ಪನ್ನು ಇಕ್ಕಳದಲ್ಲಿ ಎತ್ತಿ ತೆಗೆದು, ಕೈ ಒರೆಸಿಕೊಂಡು ಅಮೋನಿಯಾ ಪರೀಕ್ಷೆ ಮಾಡಿದೆ. ಕೊಳವೆಯನ್ನು ಬಿಳಿಯ ಕಾಗದಕ್ಕೆ ಹಿಡಿದು ಐದು ನಿಮಿಷ ಕಾದರೂ ಬಣ್ಣ ಹಳದಿಯಾಗಿಯೇ ಇತ್ತು, ಹ್ಯಾಮರ್ ಬೆರಳುಗಳು ಎಂದಿನಂತೆ ಅಲುಗುತ್ತಿದ್ದವು.