60 ಓಮ್ ನಂಬಿ ಮೂರು ದಿನ ಅಲೆದಿದ್ದು

ಗೌಡ್ರು ನನ್ನ ಗ್ಯಾರೇಜಿಗೆ ಗಾಡಿ ತಂದಿದ್ದು ಜುಲೈ ತಿಂಗಳ ಒಂದು ಸಂಜೆ. ತೀರ್ಥಹಳ್ಳಿ ಕಡೆ ಜುಲೈ ಅಂದ್ರೆ ಗೊತ್ತಲ್ಲ. ಗ್ಯಾರೇಜಿನ ಶೀಟಿನ ಮೇಲೆ ಮಳೆ ಸುರಿಯುವ ಸದ್ದಿಗೆ ಎದುರಿಗೆ ನಿಂತವರ ಮಾತೂ ಕೇಳುವುದಿಲ್ಲ. ಹತ್ತು ವರ್ಷ ಹಳೆಯ ಡೀಸೆಲ್ ಕಾರು. ಗೌಡ್ರು ಕೂಗಿಕೊಂಡೇ ಹೇಳಿದರು: "ಎಂತ ಮಾರಾಯ, ಮಳೆ ಬಂತು ಅಂದ್ರೆ ಮೀಟರ್ ಬೋರ್ಡ್ ಪೂರ್ತಿ ದೀಪಾವಳಿ! ಆಗುಂಬೆ ಘಾಟಿ ಇಳಿಯೋವಾಗ ಸ್ಟೇರಿಂಗ್ ಕಲ್ಲಿನ ಹಾಗೆ ಆಯ್ತು. ಜೀವ ಬಾಯಿಗೆ ಬಂತು."

ಆಗುಂಬೆಯ 14 ತಿರುವುಗಳಲ್ಲಿ ಪವರ್ ಸ್ಟೇರಿಂಗ್ ಕೈ ಕೊಟ್ಟರೆ ಹೇಗಿರುತ್ತದೆ ಅಂತ ಊಹಿಸಬಹುದು. ಎಂಜಿನ್ ಮಾತ್ರ ಆಫ್ ಆಗಿರಲಿಲ್ಲ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ದೀಪ, ಸ್ಟೇರಿಂಗ್ ದೀಪ, ಚೆಕ್ ಎಂಜಿನ್ ದೀಪ ಎಲ್ಲ ಒಟ್ಟಿಗೆ ಹತ್ತಿ, ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದು, ಅರ್ಧ ನಿಮಿಷದಲ್ಲಿ ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಸರಿಯಾಗುತ್ತಿತ್ತು. ಬೇರೊಂದು ಕಡೆ ತೋರಿಸಿದ್ದರಂತೆ. ಅಲ್ಲಿ ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ, ಎಬಿಎಸ್ ಯೂನಿಟ್ ಹೋಗಿದೆ ಅಂತ ಹೇಳಿ, ಸೆಕೆಂಡ್ ಹ್ಯಾಂಡ್ ಯೂನಿಟ್ ಹಾಕಿ 18,000 ರೂಪಾಯಿ ತೆಗೆದುಕೊಂಡಿದ್ದರು. ನಾಲ್ಕೇ ದಿನಕ್ಕೆ ಮತ್ತೆ ಅದೇ ರಗಳೆ.

ನಾನೂ ಮೊದಲು ಸ್ಕ್ಯಾನರ್ರೇ ಹಾಕಿದ್ದು. ಯು 0100, ಯು 0121, ಯು 0131, ಒಂದು ಸಾಲು ಕೋಡ್ ಬಂತು. 'ಯು' ಇಂದ ಶುರುವಾಗುವ ಕೋಡ್ ಅಂದರೆ ಯಾವುದೋ ಭಾಗ ಕೆಟ್ಟಿದೆ ಅಂತಲ್ಲ, ಗಾಡಿಯೊಳಗಿನ ಕಂಪ್ಯೂಟರುಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿಲ್ಲ ಅಂತ. ಯು 0121 ಅಂದರೆ 'ಎಬಿಎಸ್ ಮಾತಾಡುತ್ತಿಲ್ಲ' ಅಂತ ಇನ್ಯಾರೋ ಕೊಟ್ಟ ದೂರು. ಫೋನ್ ಎತ್ತಲಿಲ್ಲ ಅಂದರೆ ಮನುಷ್ಯ ಸತ್ತಿದ್ದಾನೆ ಅಂತ ಅರ್ಥವಾ? ಲೈನ್ ಹೋಗಿರಬಹುದಲ್ವಾ?

ಹಾಗಾಗಿ ಯಾರು ಯಾರ ಮೇಲೆ ದೂರು ಹೇಳಿದ್ದಾರೆ ಅಂತ ನಾನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಎಲ್ಲರೂ ಸೇರಿ ಒಬ್ಬನ ಮೇಲೇ ಹೇಳಿದರೆ, ಅವನನ್ನು ಅಥವಾ ಅವನಿಗೆ ಹೋಗುವ ವೈರು, ಫ್ಯೂಸು, ಅರ್ತ್ ನೋಡಬೇಕು. ಇಲ್ಲಿ ಹಾಗಿರಲಿಲ್ಲ. ಎಂಜಿನ್ ಕಂಪ್ಯೂಟರ್ ಎಬಿಎಸ್ ಮೇಲೂ ಸ್ಟೇರಿಂಗ್ ಮೇಲೂ ಹೇಳಿತ್ತು. ಸ್ಟೇರಿಂಗು ಎಂಜಿನ್ ಮೇಲೂ ಎಬಿಎಸ್ ಮೇಲೂ ಹೇಳಿತ್ತು. ಎಬಿಎಸ್ಸೋ, ಉಳಿದ ಎಲ್ಲರ ಮೇಲೂ. ಅಂದರೆ ಕೆಟ್ಟಿರುವುದು ಯಾವ ಮನೆಯೂ ಅಲ್ಲ, ಎಲ್ಲರೂ ಓಡಾಡುವ ರಸ್ತೆ. ಎಬಿಎಸ್ ಬದಲಿಸಿದವರು ಈ ಒಂದು ಹಾಳೆ ಬರೆದಿದ್ದರೂ ಗೌಡ್ರ ದುಡ್ಡು ಉಳಿಯುತ್ತಿತ್ತು.

ಆ ರಸ್ತೆಯ ಹೆಸರೇ ಕ್ಯಾನ್. ಬಾಷ್ ಕಂಪನಿಯವರು 1986ರಲ್ಲಿ ಹೊರಗೆ ತಂದಿದ್ದು. ಎರಡೇ ವೈರು, ಒಂದು ಹೈ, ಒಂದು ಲೋ. ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಹೊಸೆದಿರುತ್ತಾರೆ. ಯಾರೂ ಮಾತಾಡದೆ ಇದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್. ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಬಾನೆಟ್ ಒಳಗೆ ಆಲ್ಟರ್ನೇಟರ್, ಇಂಜೆಕ್ಟರ್, ಫ್ಯಾನ್ ಮೋಟರ್ ಎಲ್ಲ ಸೇರಿ ಗಲಾಟೆ ಎಬ್ಬಿಸಿದರೂ, ಹೊಸೆದಿರುವುದರಿಂದ ಆ ಗಲಾಟೆ ಎರಡೂ ವೈರಿಗೆ ಸಮನಾಗಿ ತಟ್ಟುತ್ತದೆ. ವ್ಯತ್ಯಾಸ ಹಾಗೇ ಉಳಿಯುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ಕೆಲಸ ಕಲಿತ ನನಗೆ ಇದನ್ನು ಮೊದಲು ಓದಿದಾಗ ಖುಷಿಯಾಗಿತ್ತು. ಅಂದಹಾಗೆ, ಬಲ್ಬಿನ ಟೆಸ್ಟ್ ಲ್ಯಾಂಪನ್ನು ಈ ವೈರುಗಳ ಹತ್ತಿರ ಒಯ್ಯಲೇಬೇಡಿ. ಮೀಟರ್ ಮಾತ್ರ ಸಾಕು.

ಸಾಲಿನ ಎರಡು ತುದಿಯಲ್ಲಿ 120 ಓಮಿನ (ಓಮ್ ಅಂದರೆ ಕರೆಂಟ್ ಹರಿಯಲು ಇರುವ ತಡೆಯ ಅಳತೆ) ಒಂದೊಂದು ರೆಸಿಸ್ಟರ್ ಇರುತ್ತದೆ. ಈ ಗಾಡಿಯಲ್ಲಿ ಒಂದು ಬಾನೆಟ್ ಕೆಳಗಿನ ಎಂಜಿನ್ ಕಂಪ್ಯೂಟರಿನಲ್ಲಿ, ಇನ್ನೊಂದು ಡ್ಯಾಶ್‌ಬೋರ್ಡ್ ಹಿಂದೆ. ಹೈ ಮತ್ತು ಲೋ ನಡುವೆ ಅಳೆದರೆ, ಎರಡೂ ಪ್ಯಾರಲಲ್ ಆಗಿರುವುದರಿಂದ ಕೂಡಿಕೆಯಾಗದೆ ಅರ್ಧವಾಗಿ 60 ಓಮ್ ತೋರಿಸಬೇಕು. 120 ಬಂದರೆ ಎಲ್ಲೋ ವೈರು ತುಂಡಾಗಿ ಒಂದು ತುದಿ ಕಾಣೆಯಾಗಿದೆ. ಸೊನ್ನೆ ಹತ್ತಿರ ಬಂದರೆ ಎರಡು ವೈರೂ ಒಂದಕ್ಕೊಂದು ತಗುಲಿವೆ. ಇದನ್ನು ಅಳೆಯಲು ಬಾನೆಟ್ ಎತ್ತುವುದೂ ಬೇಡ. ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ ಓಬಿಡಿ ಸಾಕೆಟ್ಟಿನ 6ನೇ ಪಿನ್ನು ಹೈ, ಅದರ ನೇರ ಕೆಳಗಿನ 14ನೇದು ಲೋ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಐದು ನಿಮಿಷ ಕಾಯಬೇಕು, ಅಷ್ಟೆ. ಕರೆಂಟ್ ಇರುವಾಗ ಓಮ್ ಅಳೆದರೆ ಮೀಟರ್ ಬಾಯಿಗೆ ಬಂದಿದ್ದು ಹೇಳುತ್ತದೆ. (ಈಚಿನ ಗಾಡಿಗಳಲ್ಲಿ ಸಾಕೆಟ್ಟಿಗೂ ಎಂಜಿನ್ ಲೈನಿಗೂ ನಡುವೆ ಗೇಟ್‌ವೇ ಅಂತ ಒಂದು ಡಬ್ಬಿ ಇರುವುದುಂಟು. ಅಂಥ ಕಡೆ ಸಾಕೆಟ್ಟಿನಲ್ಲಿ ಬಂದ ಲೆಕ್ಕ ಎಂಜಿನ್ ಕಡೆಯದಲ್ಲ.)

ಅಳೆದೆ. 60.3.

ನಾನು ಎಡವಿದ್ದು ಇಲ್ಲೇ. '60 ಬಂತು, ವೈರು ಸರಿ ಇದೆ' ಅಂತ ಮನಸ್ಸಲ್ಲೇ ಟಿಕ್ ಹಾಕಿಬಿಟ್ಟೆ. ಗೌಡ್ರು 'ಮಳೆ ಬಂದಾಗ' ಅಂದಿದ್ದು ತಲೆಯಲ್ಲಿ ಕೂತಿತ್ತು. ಹಾಗಾದರೆ ನೀರೇ ಇರಬೇಕು ಅಂತ ಎಬಿಎಸ್ ಕನೆಕ್ಟರ್, ಎಂಜಿನ್ ಕಂಪ್ಯೂಟರ್ ಕನೆಕ್ಟರ್ ಬಿಚ್ಚಿ ಪಿನ್ನುಗಳನ್ನು ಟಾರ್ಚ್ ಹಾಕಿ ನೋಡಿದೆ. ಹಸಿರು ಕಿಲುಬು ಎಲ್ಲೂ ಇಲ್ಲ. ಎಂಜಿನ್ನಿನ ಅರ್ತ್ ಪಟ್ಟಿ ನೋಡಿದೆ. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ 0.6 ವೋಲ್ಟ್ ತೋರಿಸಿತು. ಇದು ಜಾಸ್ತಿ. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿದ ಮೇಲೆ 0.1ಕ್ಕೆ ಇಳಿಯಿತು. ಸಿಕ್ಕಿತು ಕಳ್ಳ ಅಂತ ಖುಷಿಯಲ್ಲಿ ಗಾಡಿ ಕೊಟ್ಟು ಕಳಿಸಿದೆ. ಮೂರನೇ ದಿನಕ್ಕೆ ಗೌಡ್ರು ವಾಪಸ್. ಈ ಸಲ ಕೂಗಲಿಲ್ಲ. ಕೀ ಟೇಬಲ್ ಮೇಲೆ ಇಟ್ಟು ಸುಮ್ಮನೆ ಕೂತರು. ಅದು ಇನ್ನೂ ಕಷ್ಟ.

ಎರಡನೇ ಸಲ ನಾನೇ ಗಾಡಿ ಓಡಿಸಿದೆ. ಗ್ಯಾರೇಜಿನ ಹುಡುಗ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತಿದ್ದ. ಮಳೆ ನಿಂತಿತ್ತು, ಬಿಸಿಲೂ ಇತ್ತು. ಆದರೂ ಊರ ಹೊರಗಿನ ರಸ್ತೆಯಲ್ಲಿ ಒಂದು ದೊಡ್ಡ ಗುಂಡಿಗೆ ಚಕ್ರ ಇಳಿದಿದ್ದೇ ತಡ, ದೀಪಗಳೆಲ್ಲ ಹತ್ತಿದವು. ಆಗ ಹೊಳೆಯಿತು. ಮಳೆ ಬಂದಾಗ ಆಗುತ್ತದೆ ಅಂತ ಗೌಡ್ರು ಹೇಳಿದ್ದು ಸುಳ್ಳಲ್ಲ. ಆದರೆ ಅವರ ರಸ್ತೆಗೆ ಗುಂಡಿ ಬೀಳುವುದೂ ಮಳೆಗಾಲದಲ್ಲೇ. ನಾನು ಹುಡುಕಬೇಕಿದ್ದಿದ್ದು ನೀರನ್ನಲ್ಲ, ಅಲುಗಾಟವನ್ನು.

ಗ್ಯಾರೇಜಿಗೆ ಬಂದು ಇಗ್ನಿಷನ್ ಆನ್ ಮಾಡಿ ವೋಲ್ಟೇಜ್ ನೋಡಿದೆ. ಹೈ 2.7, ಲೋ 2.3. ಮಾತುಕತೆ ನಡೆಯುತ್ತಿರುವಾಗ ಮೀಟರ್ ಸರಾಸರಿ ತೋರಿಸುತ್ತದೆ, ಎರಡೂ ಕೂಡಿದರೆ 5ರ ಹತ್ತಿರ ಬರಬೇಕು. ಲೆಕ್ಕ ಸರಿ. ಬಾನೆಟ್ ಒಳಗೆ ಹುಡುಗನಿಗೆ ಹಾರ್ನೆಸ್ಸನ್ನು (ವೈರುಗಳ ಕಟ್ಟನ್ನು) ಒಂದೊಂದೇ ಗೇಣು ಅಲುಗಾಡಿಸಲು ಹೇಳಿದೆ. ಬ್ಯಾಟರಿ ಹತ್ತಿರ ಕೈ ಹಾಕಿದಾಗ ಹೈ ಸೊನ್ನೆಗೆ ಬಿತ್ತು. ಲೋ ನೋಡಿದರೆ ಅದೂ ಸೊನ್ನೆ.

ಎರಡೂ ಒಟ್ಟಿಗೆ ಸೊನ್ನೆ ಅಂದರೆ ಏನು? ಹೈ ವೈರು ಗಾಡಿಯ ಲೋಹದ ಬಾಡಿಗೆ, ಅಂದರೆ ಅರ್ತಿಗೆ, ತಗುಲುತ್ತಿದೆ. ಲೋ ಕೂಡ ಆ 60 ಓಮಿನ ಮೂಲಕ ಅದರ ಹಿಂದೆಯೇ ಕೆಳಗೆ ಎಳೆದುಕೊಂಡು ಹೋಗುತ್ತದೆ. ನನ್ನ 60.3 ಯಾಕೆ ಮೋಸ ಮಾಡಿತು ಅಂತ ಆಗ ಅರ್ಥವಾಯಿತು. ನಾನು ಅಳೆದಿದ್ದು ಎರಡು ವೈರುಗಳ ನಡುವೆ. ಅದರಲ್ಲಿ ಒಂದು ಬಾಡಿಗೆ ತಗುಲಿದರೂ ಅವುಗಳ ನಡುವಿನ ಓಮ್ ಬದಲಾಗುವುದೇ ಇಲ್ಲ. ಗಂಡ ಹೆಂಡತಿ ನಡುವೆ ಜಗಳ ಇಲ್ಲ ಅಂತ ನೋಡಿಕೊಂಡು ಬಂದೆ, ಪಕ್ಕದ ಮನೆಯವರ ಜೊತೆ ಹೇಗಿದ್ದಾರೆ ಅಂತ ಕೇಳಲೇ ಇಲ್ಲ. ಹೈ ಇಂದ ಬಾಡಿಗೆ, ಲೋ ಇಂದ ಬಾಡಿಗೆ ಬೇರೆ ಬೇರೆಯಾಗಿ ಅಳೆಯಬೇಕಿತ್ತು. ಸಾವಿರಾರು ಓಮ್ ಇರಬೇಕು ಅಲ್ಲಿ. ಎರಡು ನಿಮಿಷದ ಕೆಲಸ.

ಇನ್ನು ಜಾಗ ಹುಡುಕುವುದು. ಬ್ಯಾಟರಿ ಟರ್ಮಿನಲ್ ಬಿಚ್ಚಿ, 6ನೇ ಪಿನ್ನಿಗೂ ಬಾಡಿಗೂ ಮೀಟರ್ ಕಟ್ಟಿ ಬಜರ್ ಇಟ್ಟೆ. ಹಾರ್ನೆಸ್ ಅಲುಗಿಸಿದರೆ ಪೀಂ ಅನ್ನುತ್ತಿತ್ತು. ಎಬಿಎಸ್ ಕನೆಕ್ಟರ್ ಕಿತ್ತೆ, ಆಗಲೂ ಪೀಂ. ಅಂದರೆ ಎಬಿಎಸ್ ನಿರ್ದೋಷಿ. ಎಂಜಿನ್ ಕಂಪ್ಯೂಟರಿನದೂ ಕಿತ್ತೆ. ಹೈ-ಲೋ ನಡುವೆ 120 ಆಯಿತು, ಆಗಬೇಕಾದ್ದೇ. ಆದರೆ ಬಾಡಿಗೆ ಮಾತ್ರ ಆಗಲೂ ಪೀಂ. ಉಳಿದಿದ್ದು ವೈರು ಒಂದೇ. ಸರಿಯಾಗಿ ನೋಡೋಣ ಅಂತ ಬ್ಯಾಟರಿಯನ್ನೇ ಎತ್ತಿ ಕೆಳಗಿಟ್ಟೆ. ಅಲ್ಲಿಂದ ಮುಂದೆ ಸದ್ದೇ ಇಲ್ಲ! ಎಳೆದೆ, ಬಗ್ಗಿಸಿದೆ, ತಿರುಚಿದೆ. ಮೀಟರ್ ಮೌನ. ಮೇಲಿಂದ ನೋಡಿದರೆ ಕಪ್ಪು ಸ್ಲೀವ್ ಹೊಸದರ ಹಾಗೇ ಇದೆ. ಒಂದು ಗಂಟೆ ಹೀಗೇ ಕಳೆಯಿತು. ಬೇಜಾರಾಗಿ ಕಾಫಿ ಕುಡಿದು ಬರ್ತೀನಿ, ಬ್ಯಾಟರಿ ಕೂರಿಸು ಅಂತ ಹುಡುಗನಿಗೆ ಹೇಳಿ ಹೊರಟೆ. ಬಾಗಿಲು ದಾಟಿಲ್ಲ, ಹಿಂದಿನಿಂದ ಪೀಂ.

"ಅಣ್ಣಾ, ನಾನೇನೂ ಮಾಡ್ಲಿಲ್ಲ, ಕ್ಲ್ಯಾಂಪ್ ನಟ್ಟು ಟೈಟ್ ಮಾಡಿದೆ ಅಷ್ಟೆ!"

ಅದೇ. ಬ್ಯಾಟರಿ ಅಲುಗಾಡದ ಹಾಗೆ ಹಿಡಿಯುವ ಕ್ಲ್ಯಾಂಪಿನ ಉದ್ದ ಬೋಲ್ಟು. ಅದು ಕಂಪನಿಯ ಬೋಲ್ಟಲ್ಲ, ಬೇಕಿದ್ದಕ್ಕಿಂತ ಒಂದಿಂಚು ಉದ್ದ. ನಟ್ಟು ಬಿಗಿ ಮಾಡುತ್ತಾ ಹೋದ ಹಾಗೆ ಬೋಲ್ಟಿನ ತುದಿ ಟ್ರೇ ಪಕ್ಕದಲ್ಲಿ ಹಾದುಹೋಗುವ ಹಾರ್ನೆಸ್ಸಿಗೆ ಕೆಳಗಿನಿಂದ ಒತ್ತುತ್ತಿತ್ತು. ಕೈಗನ್ನಡಿ ಹಿಡಿದು ಕೆಳಭಾಗ ನೋಡಿದೆ. ಸ್ಲೀವಿನಲ್ಲಿ ಹುರುಳಿ ಕಾಳಿನಷ್ಟು ತೂತು. ಒಳಗೆ ಹೈ ವೈರಿನ ಪ್ಲಾಸ್ಟಿಕ್ ಸವೆದು ತಾಮ್ರದ ಎರಡು ಎಳೆ ಮಿನುಗುತ್ತಿತ್ತು. ಗುಂಡಿಗೆ ಬಿದ್ದಾಗ, ತಿರುವಿನಲ್ಲಿ ಎಂಜಿನ್ ವಾಲಿದಾಗ ಹಾರ್ನೆಸ್ ಒಂದಿಷ್ಟು ಸರಿದರೆ ಸಾಕು. ಬೋಲ್ಟಿನ ತುದಿ ತಾಮ್ರಕ್ಕೆ ಮುತ್ತಿಕ್ಕುತ್ತಿತ್ತು. ಬ್ಯಾಟರಿ ಎತ್ತಿಟ್ಟು ಹುಡುಕಿದ ನಾನು ಕಳ್ಳನನ್ನು ಹೊರಗೆ ಕಳಿಸಿ ಮನೆಯೆಲ್ಲ ತಡಕಾಡುತ್ತಿದ್ದೆ.

ಗೌಡ್ರಿಗೆ ಫೋನ್ ಮಾಡಿ ಬ್ಯಾಟರಿ ಯಾವಾಗ ಹಾಕಿಸಿದ್ದು ಅಂತ ಕೇಳಿದೆ. ಮೇ ಕೊನೆಯಲ್ಲಂತೆ. ಸ್ವಲ್ಪ ಎತ್ತರದ ಬ್ಯಾಟರಿ, ಹಳೇ ಬೋಲ್ಟು ಎಟುಕಲಿಲ್ಲ, ಅಂಗಡಿಯವರು ಬೇರೆ ಹಾಕಿಕೊಟ್ಟರಂತೆ. ದೀಪಗಳ ತೊಂದರೆ ಶುರುವಾಗಿದ್ದು ಜೂನ್ ಎರಡನೇ ವಾರ. ಮೊದಲ ದಿನವೇ 'ಇದಕ್ಕೆ ಮುಂಚೆ ಗಾಡಿಗೆ ಏನು ಕೆಲಸ ಮಾಡಿಸಿದ್ರಿ' ಅಂತ ಒಂದು ಮಾತು ಕೇಳಿದ್ದರೆ ಸ್ಕ್ಯಾನರ್ ಪೆಟ್ಟಿಗೆಯಿಂದ ತೆಗೆಯುವ ಮೊದಲೇ ಬ್ಯಾಟರಿ ಟ್ರೇ ನೋಡಿರುತ್ತಿದ್ದೆ. ಈಗ ಅದನ್ನು ಕೇಳದೆ ಬಾನೆಟ್ ಎತ್ತುವುದಿಲ್ಲ.

ರಿಪೇರಿ ದೊಡ್ಡದಲ್ಲ, ಆದರೆ ಹೇಗೆ ಬೇಕೋ ಹಾಗೆ ಮಾಡುವಂತಿಲ್ಲ. ಸವೆದ ತುಂಡನ್ನು ಕತ್ತರಿಸಿ, ಅದೇ ದಪ್ಪದ ವೈರು ಸೇರಿಸಿ ಸೋಲ್ಡರ್ ಮಾಡಿ, ಒಳಗೆ ಗೋಂದು ಇರುವ, ಬಿಸಿಗೆ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಬಾನೆಟ್ ಒಳಗೆ ಬರೀ ಇನ್ಸುಲೇಷನ್ ಟೇಪು ಸುತ್ತಿದರೆ ಎಂಜಿನ್ ಬಿಸಿಗೆ ಗೋಂದು ಕರಗಿ ಒಂದು ವರ್ಷದಲ್ಲಿ ಬಿಚ್ಚಿಕೊಳ್ಳುತ್ತದೆ. ಹೊಸೆತ ಬಿಚ್ಚಿದ ಜಾಗ ನಾಲ್ಕು-ಐದು ಸೆಂಟಿಮೀಟರ್ ದಾಟದ ಹಾಗೆ ನೋಡಿಕೊಂಡು ಮತ್ತೆ ಹೊಸೆದೆ. ಕೆಲವರು ಎರಡು ವೈರನ್ನೂ ಉದ್ದಕ್ಕೆ ಬಿಚ್ಚಿ ನೇರ ಜೋಡಿಸಿಬಿಡುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ, ಆಮೇಲೆ ಕಾರಣವಿಲ್ಲದೆ ಕೋಡ್ ಬರಲು ಶುರು. ಇನ್ನು ಕೆಲವರು ವೈರಿಗೆ ಸೂಜಿ ಚುಚ್ಚಿ ವೋಲ್ಟೇಜ್ ನೋಡುತ್ತಾರೆ. ನಮ್ಮ ಮಲೆನಾಡಿನ ಮಳೆಗೆ ಆ ಸೂಜಿ ತೂತೇ ಸಾಕು, ಒಳಗೆ ಕಿಲುಬು ಹಿಡಿಯಲು. ಕನೆಕ್ಟರಿನ ಹಿಂಬದಿಯಿಂದ ತೆಳ್ಳನೆ ಪಿನ್ನು ತೂರಿಸಿ ನೋಡಬಹುದಲ್ಲ.

ಇಲಿ ವಿಷಯ ಹೇಳದಿದ್ದರೆ ಬಾನೆಟ್ ಕಥೆ ಪೂರ್ತಿಯಾಗುವುದಿಲ್ಲ. ಅದೇ ತಿಂಗಳು ಬಂದ ಇನ್ನೊಂದು ಗಾಡಿಯಲ್ಲಿ ಸಾಕೆಟ್ಟಿನಲ್ಲಿ 120 ಓಮ್ ಬಂತು. ಹತ್ತು ನಿಮಿಷಕ್ಕೆ ಎಂಜಿನ್ ಕಂಪ್ಯೂಟರಿನ ಹಿಂದೆ ಇಲಿ ಕಡಿದ ಲೋ ವೈರು ಸಿಕ್ಕಿತು. ಇಲಿ ಬರದಿರಲಿ ಅಂತ ಪಕ್ಕದಲ್ಲೇ ಹೊಗೆಸೊಪ್ಪಿನ ಕಟ್ಟು ಇಟ್ಟಿದ್ದರು. ಇಲಿ ಅದರ ಮೇಲೇ ಗೂಡು ಕಟ್ಟಿತ್ತು.

ಗೌಡ್ರ ಗಾಡಿಗೆ ಬರೋಣ. ಬೋಲ್ಟನ್ನು ಅಳತೆಗೆ ಕತ್ತರಿಸಿ, ಹಾರ್ನೆಸ್ಸನ್ನು ಎರಡು ಬೆರಳು ಆಚೆ ಸರಿಸಿ ಟೈ ಹಾಕಿದೆ. ಹೈ-ಲೋ ನಡುವೆ 60.3, ಮೊದಲಿನದೇ ಲೆಕ್ಕ. ಹೈ ಇಂದ ಬಾಡಿಗೆ, ಲೋ ಇಂದ ಬಾಡಿಗೆ ಎರಡೂ ಸಾವಿರಗಳಲ್ಲಿ. ಕ್ಲ್ಯಾಂಪ್ ಬಿಗಿ ಇಟ್ಟೇ ಹುಡುಗ ಹತ್ತು ನಿಮಿಷ ಅಲುಗಾಡಿಸಿದ, ಬಜರ್ ಸುಮ್ಮನಿತ್ತು. ಮಾರನೇ ದಿನ ಗೌಡ್ರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಹತ್ತಿದೆ. ಸುರಿಯುವ ಮಳೆ. ಒಂದು ದೀಪವೂ ಹತ್ತಲಿಲ್ಲ.

ಮೇಲೆ ಬಂದು ಚಹಾ ಕುಡಿಯುವಾಗ ಗೌಡ್ರು ಕೇಳಿದರು: "ಹಾಗಾದ್ರೆ ನನ್ನ ಹಳೇ ಎಬಿಎಸ್ ಸರಿ ಇತ್ತಾ?"

"ಸರಿ ಇತ್ತು ಗೌಡ್ರೇ. ಎಲ್ಲಿದೆ ಅದು?"

"ಎಂತಕ್ಕೆ ಬೇಕು ಅಂತ ಅಲ್ಲೇ ಬಿಟ್ಟು ಬಂದೆ ಮಾರಾಯ."