ಪಿಕಪ್ ಎಂಜಿನ್ನಿನ ಥರ್ಮೋಸ್ಟಾಟ್ ಬದಲಿಸುವುದು ಹೇಗೆ

ಎಷ್ಟು ದೂರ ಓಡಿಸಿದರೂ ಟೆಂಪರೇಚರ್ ಮುಳ್ಳು ಮೇಲೇಳದಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ತೆರೆದೇ ಸಿಕ್ಕಿಕೊಂಡಿರಬಹುದು. ಎಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗಿದ್ದರೆ, ಮುಚ್ಚಿಕೊಂಡೇ ಕೂತಿರಬಹುದು. ಮೊದಲು ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವದ ಮಟ್ಟ ನೋಡಿ. ಕಡಿಮೆಯಿದ್ದರೂ ಇಂಥದೇ ಲಕ್ಷಣ ಕಾಣುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಮಟ್ಟವು ಥರ್ಮೋಸ್ಟಾಟ್ ಕೂರುವ ಗೂಡಾದ ಹೌಸಿಂಗ್‌ಗಿಂತ ಕೆಳಗಿಳಿಯುವಷ್ಟು ಕೂಲೆಂಟನ್ನು ಟಬ್ಬಿಗೆ ಇಳಿಸಿ. ಕೂಲೆಂಟ್ ಸಿಹಿಯಾದ್ದರಿಂದ ನಾಯಿಗಳು ನೆಕ್ಕುತ್ತವೆ, ಬೆಕ್ಕುಗಳೂ ನೆಕ್ಕಬಹುದು. ಅದು ವಿಷ, ಚೆಲ್ಲಿದ್ದನ್ನು ತಕ್ಷಣ ಒರೆಸಿ.

ಹೌಸಿಂಗ್ ಬೋಲ್ಟ್ ಬಿಚ್ಚಿ, ಹಳೆಯದು ಕೂತ ದಿಕ್ಕನ್ನು ಫೋಟೊ ತೆಗೆದಿಡಿ. ಸಾಮಾನ್ಯವಾಗಿ ಸ್ಪ್ರಿಂಗ್ ಎಂಜಿನ್ ಕಡೆಗಿರುತ್ತದೆ. ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲ್ಗಡೆ ಬರಬೇಕು, ಸಿಕ್ಕ ಗಾಳಿ ಹೊರಹೋಗುವುದು ಅಲ್ಲಿಂದಲೇ. ಹೊಸದರ ಮೇಲೆ ಅಚ್ಚಾದ 82 ಅಥವಾ 88ರಂಥ ಸಂಖ್ಯೆ, ಅದು ತೆರೆಯಲು ಶುರುಮಾಡುವ ಸೆಲ್ಸಿಯಸ್ ಡಿಗ್ರಿ. ಕಂಪನಿ ಹೇಳಿದ್ದನ್ನೇ ಹಾಕಿ.

ರಂಧ್ರಕ್ಕೆ ಬಟ್ಟೆ ತುರುಕಿ, ಹಳೆ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಪದರ) ಚೂರುಗಳನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಅಲ್ಯುಮಿನಿಯಂ ಮೇಲೆ ಒಂದು ಗೀರು ಬಿದ್ದರೂ ಸೋರಬಹುದು. ಬಟ್ಟೆ ತೆಗೆಯಲು ಮರೆಯಬೇಡಿ. ರಬ್ಬರ್ ರಿಂಗ್ ಇದ್ದಲ್ಲಿ ಸೀಲೆಂಟ್ ಬೇಡ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿಯಿರಿ. ಹೆಚ್ಚು ಬಿಗಿದರೆ ಬೋಲ್ಟ್ ಹಿಡಿಯುವ ಥ್ರೆಡ್‌ಗಳೇ ಕಿತ್ತುಬರುತ್ತವೆ.

ಬಹುತೇಕ ಕೆಲಸ ಕೆಡುವುದು ಒಳಗುಳಿದ ಗಾಳಿಯಿಂದ. ಕೂಲೆಂಟ್ ತುಂಬಿ, ಮುಚ್ಚಳ ತೆರೆದೇ ಎಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ಬಿಸಿಗಿಡಿ. ಗುಳ್ಳೆಗಳು ನಿಂತು ರೇಡಿಯೇಟರ್‌ನ ಎರಡೂ ಹೋಸ್ ಬಿಸಿಯಾಗುವವರೆಗೆ, ಮಟ್ಟ ಇಳಿದಂತೆ ಸುರಿಯುತ್ತಾ ಹೋಗಿ. ಉಕ್ಕತೊಡಗಿದರೆ ಎಂಜಿನ್ ನಿಲ್ಲಿಸಿ. ಮರುದಿನ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡಿ.